ಮಹಾದ್ವಾರದ ಮೇಲೆ ಯಾವ ಚಿಹ್ನೆ?

ಚಿಕ್ಕಪ್ಪ: ಎಲ್ಲರಿಗೂ ಜೈ ಜಿನೇಂದ್ರ. ಊರಿನ ಬಸದಿಯ ಮಹಾದ್ವಾರದ ನಕ್ಷೆ ಹಾಕಿದ್ದೀನಿ, ನೋಡಿ. ಮೇಲೆ ನಡುವೆ ಜೈನ ಪ್ರತೀಕ, ಎರಡು ಪಕ್ಕದಲ್ಲಿ ಆನೆ. ಕಲ್ಲು ಕೆತ್ತೋರಿಗೆ ಸೋಮವಾರ ಹೇಳಬೇಕು. ಏನಾದರೂ ಬದಲಾಯಿಸೋದಿದ್ದರೆ ಈಗಲೇ ಹೇಳಿ.

ಅಕ್ಕ, ನ್ಯೂಜೆರ್ಸಿ: ಚೆನ್ನಾಗಿದೆ ಚಿಕ್ಕಪ್ಪ. ಒಂದು ಕೋರಿಕೆ. ಪ್ರತೀಕದೊಳಗೆ ಸ್ವಸ್ತಿಕ ಇರೋ ಜಾಗದಲ್ಲಿ ಓಂ ಹಾಕಿಸೋಕಾಗುತ್ತಾ? ಉತ್ತರ ಅಮೆರಿಕದ ಜೈನ ಒಕ್ಕೂಟದ ಚಿಹ್ನೆಯಲ್ಲಿ ಹಾಗೇ ಇದೆ. ಇದೇ ಚಿತ್ರ ಬಟ್ಟೆ ಚೀಲದ ಮೇಲೆ ಹಾಕಿಸಿ ಇಲ್ಲಿನ ಮಕ್ಕಳಿಗೆಲ್ಲ ಕೊಡೋಣ ಅಂತಿದ್ದೀವಿ.

ದೊಡ್ಡಪ್ಪ: ಬೇಡಮ್ಮ.

ತಮ್ಮ: ಯಾಕೆ ದೊಡ್ಡಪ್ಪ? ನನ್ನ ಕೇಳಿದರೆ ಕೈ ಒಂದೇ ಸಾಕು. ರಸ್ತೆಯಿಂದಲೇ ಕಾಣುತ್ತೆ. ಈ ಪ್ರತೀಕದಲ್ಲಿ ಲೋಕದ ಆಕಾರ, ಸ್ವಸ್ತಿಕ, ಚುಕ್ಕಿ, ಚಂದ್ರ, ಕೈ, ಚಕ್ರ, ಕೆಳಗೆ ಸೂತ್ರ ಬೇರೆ. ಕಲ್ಲಲ್ಲಿ ಎಲ್ಲ ಒತ್ತೊತ್ತಾಗಿಬಿಡುತ್ತೆ.

ದೊಡ್ಡಪ್ಪ: ಯಾಕೆ ಅಂತ ಹೇಳ್ತೀನಿ ಕೇಳು. ಮಹಾವೀರರ ನಿರ್ವಾಣಕ್ಕೆ 2500 ವರ್ಷ ತುಂಬಿದ್ದು 1974ರಲ್ಲಿ. ಆಗ ದಿಗಂಬರರು, ಶ್ವೇತಾಂಬರ ಮೂರ್ತಿಪೂಜಕರು, ಸ್ಥಾನಕವಾಸಿಗಳು, ತೇರಾಪಂಥಿಗಳು, ಜೈನರ ನಾಲ್ಕೂ ಪಂಥದೋರು ಸೇರಿ ಒಪ್ಪಿದ ಪ್ರತೀಕ ಇದು. ಐದು ಬಣ್ಣದ ಧ್ವಜವೂ ಅದೇ ಹೊತ್ತಿನದು. ವಿನೋಬಾ ಭಾವೆ ಬೆನ್ನು ಹತ್ತಿದ್ದಕ್ಕೆ ಜಿನೇಂದ್ರ ವರ್ಣಿಯವರು ಎಲ್ಲ ಪಂಥಕ್ಕೂ ಒಪ್ಪೋ 756 ಗಾಹೆಗಳ, ಅಂದರೆ ಪ್ರಾಕೃತ ಪದ್ಯಗಳ, ಸಮಣಸುತ್ತಂ ಗ್ರಂಥ ಜೋಡಿಸಿದ್ದೂ ಆಗಲೇ. ಶಿಖರ್ಜಿ ಬೆಟ್ಟದ ತೀರ್ಥ ಯಾರದು, ಶಿರಪುರದ ಅಂತರಿಕ್ಷ ಪಾರ್ಶ್ವನಾಥನ ಮೂರ್ತಿ ಯಾರದು ಅಂತ ಕೋರ್ಟು ಹತ್ತಿದ ಜನ ನಾವು. ಮೂರ್ತಿಗೆ ಕಣ್ಣು ಇಡಬೇಕೋ ಬೇಡವೋ ಅನ್ನೋದರಲ್ಲೂ ಒಮ್ಮತವಿಲ್ಲ. ಅಂಥವರು ಒಂದು ಚಿತ್ರದ ಕೆಳಗೆ ನಿಂತರು. ಅದರಲ್ಲಿ ಒಂದು ಗೆರೆ ನೀನು ತೆಗೆದರೆ ನಾಳೆ ಇನ್ನೊಂದನ್ನ ಇನ್ನೊಬ್ಬ ತೆಗೀತಾನೆ.

ತಮ್ಮ: ಒಪ್ಪಿದೆ. ಆದರೂ ನಮ್ಮ ದಿಗಂಬರ ಅಷ್ಟಮಂಗಲದಲ್ಲಿ, ಆ ಎಂಟು ಶುಭವಸ್ತುಗಳಲ್ಲಿ, ಸ್ವಸ್ತಿಕ ಇಲ್ಲವಲ್ಲ? ಕಳಶ, ಕನ್ನಡಿ, ಚಾಮರ, ಛತ್ರ, ಧ್ವಜ ಇವೆ. ಸ್ವಸ್ತಿಕ ಇರೋದು ಶ್ವೇತಾಂಬರರ ಪಟ್ಟಿಯಲ್ಲಿ.

ದೊಡ್ಡಪ್ಪ: ಪಟ್ಟಿಯಲ್ಲಿ ಇಲ್ಲ, ನಿಜ. ಏಳನೇ ತೀರ್ಥಂಕರ ಸುಪಾರ್ಶ್ವನಾಥರ ಪೀಠ ನೋಡು, ಅವರ ಲಾಂಛನ ಸ್ವಸ್ತಿಕವೇ ಅಲ್ಲವಾ? ಮಥುರೆಯ ಕಂಕಾಲಿ ದಿಬ್ಬದ ಆಯಾಗಪಟಗಳಲ್ಲೂ, ಅಂದರೆ ಪೂಜೆಯ ಕಲ್ಲುಹಲಗೆಗಳಲ್ಲೂ, ಸ್ವಸ್ತಿಕ ಇದೆ, ಅವು ಹತ್ತಿರ ಹತ್ತಿರ ಎರಡು ಸಾವಿರ ವರ್ಷದ ಕಲ್ಲು.

ಅಕ್ಕ, ನ್ಯೂಜೆರ್ಸಿ: ದೊಡ್ಡಪ್ಪ, ಹಳೇದು ಅಂತ ನನಗೂ ಗೊತ್ತು. ನಾಚಿಕೆಯಿಂದ ಕೇಳ್ತಿಲ್ಲ. ನಮ್ಮ ಪಕ್ಕದ ಮನೆ ಯಹೂದಿ ಅಜ್ಜಿಯ ಅಮ್ಮನ ಕಡೆಯವರು ಪೋಲೆಂಡಿನ ನಾಜಿ ಶಿಬಿರದಲ್ಲಿ ತೀರಿಹೋದವರು. ನನ್ನ ಮಗಳು ಆ ಚೀಲ ಹಿಡಿದು ಅವರ ಮುಂದೆ ಹಾದು ಹೋಗೋದು ನನಗೆ ಬೇಡ. ನಾಜಿಗಳು 1920ರಲ್ಲಿ ಸ್ವಸ್ತಿಕ ಎತ್ತಿಕೊಂಡಿದ್ದು ನಮ್ಮ ತಪ್ಪಲ್ಲ, ಆದರೆ ಆ ಅಜ್ಜಿಯ ತಪ್ಪೂ ಅಲ್ಲ. ಅಹಿಂಸೆ ಅಂತ ಬರೆದ ಚಿತ್ರ ನೋಡಿ ಒಬ್ಬರು ನಡುಗಿದರೆ ಅದು ಎಂಥ ಅಹಿಂಸೆ?

ಅತ್ತೆ, ಮೈಸೂರು: ಇವಳು ಹೇಳಿದ್ದು ಕರುಳು ಚುರುಕ್ ಅನ್ನಿಸ್ತು.

ತಮ್ಮ: ಅಕ್ಕ, ಕ್ಯಾಲಿಫೋರ್ನಿಯಾದಲ್ಲಿ 2022ರಲ್ಲಿ ಕಾನೂನೇ ಬಂತಲ್ಲ? ನಾಜಿ ಗುರುತು ಬೇರೆ, ಹಿಂದೂ ಜೈನ ಬೌದ್ಧರ ಸ್ವಸ್ತಿಕ ಬೇರೆ ಅಂತ.

ಅಕ್ಕ, ನ್ಯೂಜೆರ್ಸಿ: ಕಾನೂನು ಕಾಗದದ ಮೇಲಿರುತ್ತೆ ಕಣೋ. ಆ ಅಜ್ಜಿ ಬೀದಿಯಲ್ಲಿ ಸಿಗ್ತಾರೆ.

ನಾನು: ಅಕ್ಕ, ನಿನ್ನ ಮಾತು ಪೂರ್ತಿ ಒಪ್ಪುತ್ತೀನಿ. ಚೀಲದ ಮೇಲೆ ಸ್ವಸ್ತಿಕ ಬೇಡ. ಆದರೆ ಅದರ ಜಾಗದಲ್ಲಿ ಓಂ ಕೂರಿಸೋದಕ್ಕೆ ನನ್ನ ಮನಸ್ಸು ಒಪ್ಪಲ್ಲ, ಅದು ಚೀಲವಿರಲಿ, ಮಹಾದ್ವಾರವಿರಲಿ.

ಸ್ವಸ್ತಿಕದ ನಾಲ್ಕು ತೋಳು ನಾಲ್ಕು ಗತಿ, ಜೀವ ಹುಟ್ಟೋ ನಾಲ್ಕು ನೆಲೆ: ದೇವ, ಮನುಷ್ಯ, ತಿರ್ಯಂಚ ಅಂದರೆ ಪ್ರಾಣಿ ಸಸ್ಯ, ನರಕ. ಜೀವ ಸುತ್ತೋದು ಇಲ್ಲೇ. ಅದರ ಮೇಲೆ ಮೂರು ಚುಕ್ಕಿ, ಸಮ್ಯಕ್ ದರ್ಶನ, ಜ್ಞಾನ, ಚಾರಿತ್ರ: ಸರಿಯಾದ ನಂಬಿಕೆ, ಅರಿವು, ನಡತೆ. ಅದರ ಮೇಲೆ ಅರ್ಧಚಂದ್ರದ ಹಾಗೆ ಸಿದ್ಧಶಿಲೆ, ಮುಕ್ತರಾದವರ ನೆಲೆ; ಅಲ್ಲಿ ಒಂಟಿ ಚುಕ್ಕಿ, ಸಿದ್ಧಜೀವ. ಕೆಳಗಿಂದ ಮೇಲಕ್ಕೆ ಓದಿಕೊಂಡು ಹೋಗು: ಎಲ್ಲಿ ಸಿಕ್ಕಿಕೊಂಡಿದ್ದೀವಿ, ಯಾವುದು ಹಿಡಿದು ಏರಬೇಕು, ಎಲ್ಲಿ ತಲುಪಬೇಕು. ಅಕ್ಷರ ಬಾರದವರಿಗೂ ಬೆರಳಿಟ್ಟು ಹೇಳಿಕೊಡಬಹುದು.

ಓಂ ಅಂದರೆ ನಮಗೆ ಪಂಚಪರಮೇಷ್ಠಿಗಳು, ನಾವು ಕೈಮುಗಿಯೋ ಐದು ಬಗೆಯ ಪೂಜ್ಯರು. ಅರಿಹಂತರ ಅ, ಅಶರೀರಿ ಸಿದ್ಧರ ಅ, ಆಚಾರ್ಯರ ಆ, ಉಪಾಧ್ಯಾಯರ ಉ, ಮುನಿಗಳ ಮ್ ಸೇರಿ ಓಂ. ಸಿದ್ಧರು ಆಗಲೇ ಅದರೊಳಗಿದ್ದಾರೆ! ಅಂಥ ಓಂಕಾರವನ್ನ ತಂದು ನರಕ ತಿರ್ಯಂಚಗಳ ಜಾಗದಲ್ಲಿ, ಸಿದ್ಧಶಿಲೆಯ ಕೆಳಗೆ ಇಟ್ಟರೆ ಮೇಲಿನ ಮೂರು ಚುಕ್ಕಿ ಯಾರಿಗೆ ದಾರಿ ತೋರಿಸಬೇಕು? ಸಂಸಾರವೇ ಇಲ್ಲದ ಮೇಲೆ ಮೋಕ್ಷ ಯಾತರಿಂದ? ಓಂ ದೊಡ್ಡದು ಅನ್ನೋದಕ್ಕೇ ಅದಕ್ಕೆ ಆ ಜಾಗ ಸಲ್ಲ. ಒಕ್ಕೂಟದವರ ಸಂಕಟ ನಿಜವಾದದ್ದು. ಆದರೆ ಈ ಪ್ರತೀಕದ ಮಾತು ಅಲ್ಲಿ ನಡುವೆ ಕಡಿದುಹೋಗಿದೆ ಅಂತಲೇ ನನಗನ್ನಿಸೋದು.

ಕೈ ಹಾಗಲ್ಲ. ಅಭಯದ ಅಂಗೈ, ಅದರಲ್ಲಿ ಚಕ್ರ, ನಡುವೆ ಅಹಿಂಸಾ. ಅದು ಒಂಟಿಯಾಗಿ ನಿಂತರೂ ಅರ್ಥ ಪೂರ್ತಿ. ಚೀಲಕ್ಕೆ ಅದನ್ನೇ ಹಾಕು, ಕೆಳಗೆ ‘ಪರಸ್ಪರೋಪಗ್ರಹೋ ಜೀವಾನಾಮ್’ ಇರಲಿ. ಜೀವಗಳು ಒಂದಕ್ಕೊಂದು ಆಸರೆ ಅಂತ ಬರೆದದ್ದನ್ನ ಆ ಅಜ್ಜಿಗೆ ಮಗಳೇ ಓದಿ ಹೇಳಲಿ. ಊರಿನ ಕಲ್ಲಲ್ಲಿ ಮಾತ್ರ 1974ರದ್ದು ಇದ್ದ ಹಾಗೇ ಬರಬೇಕು.

ಚಿಕ್ಕಪ್ಪ: ನನ್ನದೂ ಒಂದು ಮಾತಿದೆ. ಇವೆಲ್ಲಕ್ಕಿಂತ ಮುಂಚೆ ನಮ್ಮ ನಾಡಿನ ಗುರುತು ಮುಕ್ಕೊಡೆ, ಒಂದರ ಮೇಲೊಂದು ಮೂರು ಕೊಡೆ. ಬಸದಿ ಹಿಂದಿನ ಶಾಸನದ ಕಲ್ಲಿನ ತಲೆ ನೋಡಿ: ಕೂತ ಜಿನ, ಮೇಲೆ ಮುಕ್ಕೊಡೆ, ಪಕ್ಕದಲ್ಲಿ ಹಸು ಕರು, ಸೂರ್ಯ ಚಂದ್ರ. ಶ್ರವಣಬೆಳಗೊಳದಲ್ಲೂ ಇಂಥವು ಎಷ್ಟು ಬೇಕು! ದಿಲ್ಲಿಯಲ್ಲಿ ಒಪ್ಪಿದ್ದನ್ನ ನಮ್ಮ ಕಲ್ಲಿಗೆ ಯಾಕೆ ತರಬೇಕು?

ದೊಡ್ಡಪ್ಪ: ಮುಕ್ಕೊಡೆ ಜಿನನ ತಲೆ ಮೇಲಿನ ಮರ್ಯಾದೆ ಕಣಯ್ಯ. ಕೆಳಗೆ ಜಿನಬಿಂಬ ಇಲ್ಲದೆ ಬರೀ ಕೊಡೆ ಹೇಗೆ ಕೆತ್ತಿಸ್ತೀಯ?

ನಾನು: ಮಹಾದ್ವಾರದಲ್ಲಿ ಜಿನಬಿಂಬ ಕೆತ್ತಿಸಿದರೆ ಅದರ ಕೆಳಗೇ ಟ್ರ್ಯಾಕ್ಟರ್, ಬೈಕು ಓಡಾಡುತ್ತೆ ಚಿಕ್ಕಪ್ಪ. ಮುಕ್ಕೊಡೆ ಒಳಬಾಗಿಲ ಮೇಲಿರಲಿ, ಅಲ್ಲಿ ಬಾಗಿಲ ಮೇಲಿನ ಪಟ್ಟಿಯ ನಡುವೆ, ಲಲಾಟದಲ್ಲಿ, ಬಿಂಬ ಇದ್ದೇ ಇದೆ. ಹೊರಗಿನ ಬಾಗಿಲು ರಸ್ತೆಯಲ್ಲಿ ಹೋಗೋರ ಜೊತೆ ಮಾತಾಡೋದು. ಬೆಳಗೊಳಕ್ಕೆ ಹೋಗೋ ರಾಜಸ್ಥಾನದವರೂ ಗುಜರಾತಿನವರೂ ಅದೇ ದಾರಿಯಲ್ಲಿ ಬರ್ತಾರೆ. ನಮ್ಮವರದೂ ಒಂದು ಬಸದಿ ಇಲ್ಲಿದೆ ಅಂತ ಅವರಿಗೆ ತಿಳಿಯೋದು ಈ ಪ್ರತೀಕದಿಂದಲೇ.

ಚಿಕ್ಕಪ್ಪ: ಸರಿ. ಒಳಬಾಗಿಲ ಮುಕ್ಕೊಡೆ ಸವೆದಿದೆ. ಅದನ್ನೂ ಇದೇ ಲೆಕ್ಕದಲ್ಲಿ ತಿದ್ದಿಸಬೇಕು. ಇದಕ್ಕೆ ಯಾರೂ ಬೇಡ ಅನ್ನಬೇಡಿ.

ಅತ್ತೆ, ಮೈಸೂರು: ಆ ಖರ್ಚು ನನ್ನದು.

ದೊಡ್ಡಪ್ಪ: ಒತ್ತೊತ್ತಾಗುತ್ತೆ ಅಂದ ಮಾತು ಸರಿಯಾಗಿದೆ. ಆನೆ ಬಿಡಿ, ಪ್ರತೀಕ ದೊಡ್ಡದು ಮಾಡಿ. ಚಕ್ರಕ್ಕೆ 24 ಅರೆ ಇರಬೇಕು, ನಕ್ಷೆಯಲ್ಲಿ ಕಡಿಮೆ ಕಾಣುತ್ತೆ, ಎಣಿಸಿ. ‘ಅಹಿಂಸಾ’ ಕನ್ನಡ ಅಕ್ಷರದಲ್ಲಿ ಬರಲಿ.

ಅಕ್ಕ, ನ್ಯೂಜೆರ್ಸಿ: ಚೀಲಕ್ಕೆ ಕೈ, ಸೂತ್ರ, ಅಷ್ಟೇ ಹಾಕಿಸ್ತೀನಿ. ಕಲ್ಲಿನ ವಿಷಯ ನಿಮಗೆ ಬಿಟ್ಟೆ. ಆದರೆ ಓಂ ಹಾಕಿದ್ದರಿಂದ ಮಾತು ಕಡಿದುಹೋಯ್ತು ಅನ್ನೋದನ್ನ ನಾನು ಒಪ್ಪಲ್ಲ ಕಣೇ. ಇಲ್ಲಿ ಹುಟ್ಟಿದ ಮಕ್ಕಳು ಆ ಓಂ ನೋಡಿಕೊಂಡೇ ಪಂಚಪರಮೇಷ್ಠಿಗಳ ಣಮೋಕಾರ ಮಂತ್ರ ಕಲಿತಿದ್ದಾರೆ. ಊರಿಗೆ ಬಂದಾಗ ಎದುರಿಗೆ ಕೂತು ಮಾತಾಡೋಣ.

ನಾನು: ಬಾ ಅಕ್ಕ. ಮಕ್ಕಳನ್ನೂ ಕರ್ಕೊಂಡು ಬಾ.