ಗದ್ದೆ ಆಟೋಕ್ರಾಸ್ ಮುಗಿಸಿ ಬಂದ ಸ್ವಿಫ್ಟ್: ತಿರುವಿನಲ್ಲಿ ಉಸಿರು ಕಟ್ಟುತ್ತದೆ, ಎಂಬತ್ತರಲ್ಲಿ ನಡುಗುತ್ತದೆ

ಮೈಸೂರು_ಸ್ವಿಫ್ಟ್:

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್, 78,000 ಕಿಲೋಮೀಟರ್ ಓಡಿದೆ. ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡುವ ಎಬಿಎಸ್ ಇಲ್ಲ. ವಾರದ ದಿನಗಳಲ್ಲಿ ಕಚೇರಿಗೆ, ಭಾನುವಾರ ಅಮ್ಮನನ್ನು ದೇವಸ್ಥಾನಕ್ಕೆ ಕರೆದೊಯ್ಯುವ ಕಾರು. ಕಳೆದ ಭಾನುವಾರ ದೇವಸ್ಥಾನ ತಪ್ಪಿಸಿ, ಗೋಣಿಕೊಪ್ಪಲಿನ ಕಡೆ ಕಟಾವಾದ ಗದ್ದೆಯೊಂದರಲ್ಲಿ ನಡೆದ ಆಟೋಕ್ರಾಸ್‌ಗೆ, ಅಂದರೆ ಕೋನ್ ಇಟ್ಟ ದಾರಿಯಲ್ಲಿ ಸಮಯ ಅಳೆದು ಓಡಿಸುವ ಸ್ಪರ್ಧೆಗೆ, ಹೋಗಿದ್ದೆ. ಇದೇ ಮೊದಲ ಸಲ. ಧೂಳು ಏಳದಿರಲೆಂದು ಬೆಳಿಗ್ಗೆ ಟ್ಯಾಂಕರ್‌ನಿಂದ ನೀರು ಹಾಕಿದ್ದರು. ಮೂರು ಸುತ್ತು ಓಡಿಸಿದೆ. ನನ್ನ ವರ್ಗದಲ್ಲಿ ಕೊನೆಯಿಂದ ಎರಡನೆಯವನು, ಅದಿರಲಿ.

ಈಗ ಮೂರು ತೊಂದರೆಗಳಿವೆ. ಮೂರನೆಯ ಸುತ್ತಿನಲ್ಲಿ, ಉದ್ದನೆಯ ಎಡ ತಿರುವಿನ ನಡುವೆ ಎಂಜಿನ್ ಉಸಿರು ಕಟ್ಟಿದಂತೆ ಒಂದೆರಡು ಸೆಕೆಂಡ್ ಸತ್ತು, ನೇರಕ್ಕೆ ಬಂದ ಮೇಲೆ ಏನೂ ಆಗದಂತೆ ಮತ್ತೆ ಎಳೆಯಿತು. ವಾಪಸು ಬರುವಾಗ ಹುಣಸೂರು ದಾಟಿದ ಮೇಲೆ, 80ರ ವೇಗಕ್ಕೆ ಸ್ಟೇರಿಂಗ್ ಗಡಗಡ ನಡುಗತೊಡಗಿತು. ಜೊತೆಗೆ ಸುಟ್ಟ ವಾಸನೆ ಬೇರೆ. ಕ್ಲಚ್ ಹೋಯಿತು ಎಂದುಕೊಂಡೆ.

ಮನೆ ಹತ್ತಿರದ ಗ್ಯಾರೇಜಿನವರು ಒಂದು ಸುತ್ತು ಓಡಿಸಿ ನೋಡಿ, ಮುಂದಿನ ಎರಡೂ ವೀಲ್ ಬೇರಿಂಗ್, ಲೋಯರ್ ಆರ್ಮ್, ಕ್ಲಚ್ ಪ್ಲೇಟ್, ಪೆಟ್ರೋಲ್ ಪಂಪ್ ಎಲ್ಲವನ್ನೂ ಬದಲಿಸಬೇಕು ಎಂದು ಚೀಟಿ ಬರೆದುಕೊಟ್ಟಿದ್ದಾರೆ. ಮೊತ್ತ ನೋಡಿದರೆ ಈ ಹವ್ಯಾಸ ಹುಟ್ಟಿದ ದಿನವೇ ಮುಗಿಯುತ್ತದೆ. ದಯವಿಟ್ಟು ದಾರಿ ತೋರಿಸಿ.

ಎಸ್ಟೇಟ್_ಜೀಪು:

ಗದ್ದೆಗೆ ಇಳಿಯುವಾಗ ಟೈರಿನ ಗಾಳಿ ಇಳಿಸಿದ್ದಿರಾ? ನಾವು ತೋಟದ ಕೆಸರಿನಲ್ಲಿ 15 ಪಿಎಸ್‌ಐಗೆ ಇಳಿಸುತ್ತೇವೆ. ಹಿಡಿತ ಬಹಳ ಚೆನ್ನಾಗಿ ಬರುತ್ತದೆ. ಮುಂದಿನ ಸಲ ಪ್ರಯತ್ನಿಸಿ.

ಗ್ರೀಸ್_ಕೈ:

ಜೀಪಿನವರ ಮಾತಿಗೆ ಆಮೇಲೆ ಬರುತ್ತೇನೆ. ಸ್ವಿಫ್ಟ್‌ನವರೇ, ಮೊದಲು ಒಂದು ಕೆಲಸ ಮಾಡಿ: ಕಾರನ್ನು ನಾಳೆ ಕಚೇರಿಗೆ ತೆಗೆದುಕೊಂಡು ಹೋಗಬೇಡಿ. ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ಮುಂಭಾಗದ ಅಡಿಯಲ್ಲಿ ಇಣುಕಿ, ಸೈಲೆನ್ಸರ್ ಪೈಪಿನ ಸುತ್ತ ಏನಿದೆ ಎಂದು ಹೇಳಿ. ಕಾರಣ ಆಮೇಲೆ ಹೇಳುತ್ತೇನೆ.

ಉಳಿದ ಪ್ರಶ್ನೆಗಳು. ಮೂರನೆಯ ಸುತ್ತಿನ ಹೊತ್ತಿಗೆ ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು? ಎಂಜಿನ್ ಸತ್ತಿದ್ದು ಟಟಟಟ ಎಂದು ಬಡಿದುಕೊಂಡು ಸತ್ತಿತೇ, ಸದ್ದಿಲ್ಲದೆ ಬಲ ಇಳಿಯಿತೇ? ಚೆಕ್ ಎಂಜಿನ್ ದೀಪ ಹತ್ತಿತೇ? ನಡುಕ 80ರಲ್ಲಿ ಶುರುವಾಗಿ 100 ದಾಟಿದ ಮೇಲೆ ಕಡಿಮೆಯಾಯಿತೇ, ಏರುತ್ತಲೇ ಹೋಯಿತೇ? ಹೂಂಗುಡುವ ಸದ್ದು ಇದೆಯೇ? ಗಾಳಿ ಎಷ್ಟು ಹಾಕಿದ್ದಿರಿ?

ಮೈಸೂರು_ಸ್ವಿಫ್ಟ್:

ನೋಡಿ ಬಂದೆ ಸರ್. ಎಂಜಿನ್ನಿನ ಅಡಿ ಕಾಯುವ ಸಂಪ್ ಗಾರ್ಡ್ ಹೊಸದಾಗಿ ಹಾಕಿಸಿದ್ದೆ. ಅದರ ಮೇಲೆ ಒಂದು ಹಕ್ಕಿಗೂಡಿನಷ್ಟು ಹುಲ್ಲು, ಕೂಳೆ ತುಂಬಿಕೊಂಡಿದೆ. ಪೈಪಿಗೆ ತಾಗಿದ ಕಡೆ ಕಪ್ಪಗಾಗಿದೆ.

ಪೆಟ್ರೋಲ್ ಏಳೆಂಟು ಲೀಟರ್ ಇತ್ತು. ತೂಕ ಕಡಿಮೆಯಿದ್ದರೆ ಒಳ್ಳೆಯದೆಂದು ಯಾರೋ ಹೇಳಿದ್ದರು. ಸ್ಟೆಪ್ನಿಯನ್ನೂ ತೆಗೆದಿಟ್ಟಿದ್ದೆ. ಬಲ ಸದ್ದಿಲ್ಲದೆ ಇಳಿಯಿತು, ಬಡಿದುಕೊಳ್ಳಲಿಲ್ಲ, ದೀಪ ಹತ್ತಲಿಲ್ಲ. ನಡುಕ ನೂರರ ಹತ್ತಿರ ಸ್ವಲ್ಪ ಕಡಿಮೆಯಾಯಿತು ಅನಿಸುತ್ತದೆ. ಹೆದರಿ ಹೆಚ್ಚು ಹೊತ್ತು ನೋಡಲಿಲ್ಲ. ಹೂಂಗುಡುವ ಸದ್ದಿಲ್ಲ. ಗಾಳಿ 18. ನಾನೂ ಜೀಪಿನವರ ಮಾತನ್ನೇ ಬೇರೆಲ್ಲೋ ಕೇಳಿದ್ದೆ. ಎಡ ಮುಂದಿನ ಟೈರು ರಾತ್ರಿ ಕಳೆಯುವುದರಲ್ಲಿ ನಾಲ್ಕೈದು ಪಿಎಸ್‌ಐ ಇಳಿಯುತ್ತಿದೆ.

ಗ್ರೀಸ್_ಕೈ:

ಹಾಗಾದರೆ ಗ್ಯಾರೇಜಿನ ಚೀಟಿಯನ್ನು ಮಡಚಿ ಡ್ಯಾಶ್‌ಬೋರ್ಡಿನಲ್ಲಿಡಿ. ನಿಮ್ಮ ಕಾರಿಗೆ ಯಾವ ರೋಗವೂ ಬಂದಂತಿಲ್ಲ. ಗದ್ದೆಯನ್ನು ಮನೆಗೆ ಹೊತ್ತು ತಂದಿದ್ದೀರಿ, ಅಷ್ಟೇ.

ಸುಟ್ಟ ವಾಸನೆ ಮೊದಲು, ಏಕೆಂದರೆ ಉಳಿದ ಎರಡರಲ್ಲಿ ಹಣ ಹೋಗುತ್ತದೆ, ಇದರಲ್ಲಿ ಕಾರೇ ಹೋಗುತ್ತದೆ. ಸಂಪ್ ಗಾರ್ಡ್ ಕಲ್ಲನ್ನು ತಡೆಯುತ್ತದೆ, ನಿಜ. ಆದರೆ ಅದು ಒಂದು ತಟ್ಟೆ. ಕೂಳೆಯ ಮೇಲೆ ಓಡಿದಾಗ ಆ ತಟ್ಟೆ ತುಂಬುತ್ತದೆ. ಹಸಿ ಕೆಸರಿನೊಂದಿಗೆ ಸೇರಿಕೊಂಡಿರುವಾಗ ಅದು ಬರೀ ಹೊಗೆಯಾಡುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಒಂದೆರಡು ಗಂಟೆ ಬಿಸಿ ತಾಗಿ ಒಣಗಿದ ಮೇಲೆ ಅದು ಒಲೆಗೆ ಇಟ್ಟ ಹುಲ್ಲು. ವೇಗವರ್ಧಕ ಪರಿವರ್ತಕ ಎಂದು ಪಠ್ಯಪುಸ್ತಕದಲ್ಲಿ ಕರೆಯುವ, ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಜೋರಾಗಿ ಓಡಿಸಿದಾಗ ಒಣಹುಲ್ಲಿಗೆ ಬೆಂಕಿ ಹತ್ತಿಸುವಷ್ಟು ಕಾಯುತ್ತದೆ. ಕೂಳೆ ಗದ್ದೆಯಲ್ಲಿ ಪ್ರತಿ ಸುತ್ತು ಮುಗಿದ ಮೇಲೆ ಬಗ್ಗಿ ನೋಡಿ. ಕೈಗವಸು ಮತ್ತು ಒಂದು ಕಬ್ಬಿಣದ ಕೊಕ್ಕೆ ಸಾಕು. ಕಾರಿನಲ್ಲಿ ಅಗ್ನಿಶಾಮಕ ಸಿಲಿಂಡರ್ ಇರಲಿ, ಡಿಕ್ಕಿಯಲ್ಲಿ ಉರುಳಾಡುತ್ತಾ ಅಲ್ಲ, ಬಿಗಿದು ಕಟ್ಟಿ. ಈಗ ಗಾರ್ಡ್ ಬಿಚ್ಚಿ ಪೂರ್ತಿ ತೊಳೆಯಿರಿ. ಆಮೇಲೂ ವಾಸನೆ ಬಂದರೆ, ಮೇಲಿನ ಗೇರಿನಲ್ಲಿ ಏರು ಹತ್ತುವಾಗ ವೇಗ ಏರದೆ ಎಂಜಿನ್ ಸದ್ದು ಮಾತ್ರ ಏರಿದರೆ, ಆಗ ಕ್ಲಚ್ ಮಾತಾಡೋಣ.

ನಡುಕ. ಬೇರಿಂಗ್ ಹೋದರೆ ಹೂಂಗುಡುತ್ತದೆ, ವೇಗದೊಂದಿಗೆ ಏರುತ್ತದೆ, ಸ್ಟೇರಿಂಗ್ ಸ್ವಲ್ಪ ಅತ್ತಿತ್ತ ವಾಲಿಸಿದರೆ ಸದ್ದು ಬದಲಾಗುತ್ತದೆ. ನಿಮ್ಮದು ಹಾಗಿಲ್ಲ. ಒಂದು ವೇಗದಲ್ಲಿ ಬಂದು ಇನ್ನೊಂದರಲ್ಲಿ ಹೋಗುವುದು ಚಕ್ರದ ತೂಕ ತಪ್ಪಿದ ಲಕ್ಷಣ. ಬ್ಯಾಲೆನ್ಸಿಂಗ್ ಮಾಡುವವರು ರಿಮ್ಮಿಗೆ ಬಡಿಯುವ ತುಂಡು 10 ಗ್ರಾಂ, 20 ಗ್ರಾಂ. ನಿಮ್ಮ ರಿಮ್ಮಿನ ಒಳಬದಿಯಲ್ಲಿ, ಹೊರಗಿನಿಂದ ಕಾಣದ ಕಡೆ, ಜೇಡಿಮಣ್ಣು ಎಷ್ಟಿದೆಯೋ ನೋಡಿ. ಹೊರಗಿನಿಂದ ನೀರು ಹೊಡೆದರೆ ಹೋಗುವುದಿಲ್ಲ, ಅದು ಒಣಗಿ ಇಟ್ಟಿಗೆಯಾಗಿರುತ್ತದೆ. ಚಕ್ರ ಬಿಚ್ಚಿ, ನೆನೆಸಿ, ಮರದ ಚಕ್ಕೆಯಿಂದ ಕೆರೆಯಿರಿ. ಹಿಂದಿನ ಡ್ರಮ್ಮಿನ ಸುತ್ತಲೂ ನೋಡಿ. ಚಕ್ರ ವಾಪಸು ಹಾಕಿ ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡುವುದನ್ನು ಮರೆಯಬೇಡಿ.

ಈಗ ಗಾಳಿ. ಜೀಪಿನವರೇ, ತೋಟದಲ್ಲಿ ನೀವು ನಡಿಗೆಯ ವೇಗದಲ್ಲಿ ಹೋಗುತ್ತೀರಿ. ಅಲ್ಲಿ 15 ಸರಿ. ಇಲ್ಲಿ ಎರಡನೆಯ ಗೇರಿನಲ್ಲಿ ಅಡ್ಡ ಜಾರುತ್ತಾ ಹೋಗಿ ಚಕ್ರ ಒಂದು ಗಾಲಿಜಾಡಿಗೆ ಒದ್ದುಕೊಂಡರೆ, ಗಾಳಿ ಕಡಿಮೆಯಿರುವ ಟೈರು ರಿಮ್ಮಿನಿಂದ ಕಳಚುತ್ತದೆ. ಸ್ವಿಫ್ಟ್‌ನವರ ಎಡ ಟೈರು ಅರ್ಧ ಕಳಚಿ ಮತ್ತೆ ಕೂತಿದೆ, ಅಂಚಿನಲ್ಲಿ ಹುಲ್ಲು ಸಿಕ್ಕಿಕೊಂಡಿದೆ ಎಂಬುದು ನನ್ನ ಊಹೆ. ಪಂಕ್ಚರ್ ಅಂಗಡಿಯಲ್ಲಿ ಟೈರು ಬಿಚ್ಚಿ ಅಂಚು ಒರೆಸಿ ಹಾಕಿಸಿದರೆ ಸರಿಹೋಗಬೇಕು. ಪಕ್ಕದ ಗೋಡೆಯಲ್ಲಿ ಉಬ್ಬು, ಸೀಳು ಇದ್ದರೆ ಆ ಟೈರು ಬೇಡ. ಮುಂದಿನ ಸಲ ಬಾಗಿಲ ಚೌಕಟ್ಟಿನ ಸ್ಟಿಕರ್ ಹೇಳುವುದಕ್ಕಿಂತ ಮುಂದಿನ ಟೈರುಗಳಿಗೆ ಐದಾರು ಪಿಎಸ್‌ಐ ಹೆಚ್ಚೇ ಹಾಕಿ ಶುರುಮಾಡಿ. ಟೈರಿನ ಭುಜಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಸುತ್ತು ಮುಗಿದ ಮೇಲೆ ಎಲ್ಲಿಯವರೆಗೆ ಅಳಿಸಿದೆ ನೋಡಿ. ಪಕ್ಕದ ಗೋಡೆಯವರೆಗೆ ಅಳಿಸಿದ್ದರೆ ಟೈರು ಮಡಚಿಕೊಳ್ಳುತ್ತಿದೆ, ಇನ್ನೂ ಗಾಳಿ ಬೇಕು.

ಕೊನೆಗೆ ಎಂಜಿನ್. ನಿಮ್ಮ ಟ್ಯಾಂಕು 42 ಲೀಟರಿನದು. ತಳದಲ್ಲಿ ಏಳು ಲೀಟರ್ ಇಟ್ಟುಕೊಂಡು ಉದ್ದನೆಯ ತಿರುವು ತೆಗೆದರೆ ಪೆಟ್ರೋಲ್ ಒಂದು ಗೋಡೆಗೆ ಏರುತ್ತದೆ, ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ. ತಟ್ಟೆಯಲ್ಲಿ ಸಾರು ಹಿಡಿದುಕೊಂಡು ಓಡಿದಂತೆ. ಬಡಿದುಕೊಂಡಿದ್ದರೆ, ಎಂಜಿನ್ ಮಿತಿಮೀರಿ ತಿರುಗದಂತೆ ತಡೆಯುವ ರೆವ್ ಲಿಮಿಟರ್ ಎನ್ನುತ್ತಿದ್ದೆ. ಎರಡನೆಯ ಗೇರಿನಲ್ಲಿ ಚಕ್ರ ಸುಮ್ಮನೆ ತಿರುಗಿದರೆ ಹೊಸಬರು ಅದನ್ನೇ ಎಂಜಿನ್ ತೊಂದರೆ ಎಂದುಕೊಳ್ಳುತ್ತಾರೆ. ಅರ್ಧ ಟ್ಯಾಂಕು ತುಂಬಿಸಿ. ಅದರಲ್ಲೂ ಇದೇ ಆದರೆ ಮಾತ್ರ ಫಿಲ್ಟರ್, ಪಂಪಿನ ಒತ್ತಡ, ಸಡಿಲ ಕನೆಕ್ಟರ್ ಹುಡುಕಿ. ಏರ್ ಫಿಲ್ಟರ್ ಹೇಗಿದ್ದರೂ ತೆಗೆದು ನೋಡಿ.

ಮಿಶಿಗನ್_ಮಲೆನಾಡಿಗ:

ನಾನು ಇಲ್ಲಿ ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ಬಾದ ಎಸ್‌ಸಿಸಿಎ ನಡೆಸುವ ರ‍್ಯಾಲಿಕ್ರಾಸ್‌ಗೆ ಹಳೆಯ ಸಿವಿಕ್ ತೆಗೆದುಕೊಂಡು ಹೋಗುತ್ತೇನೆ. ಹೆಸರು ರ‍್ಯಾಲಿಕ್ರಾಸ್ ಆದರೂ ಒಬ್ಬರಾದ ಮೇಲೆ ಒಬ್ಬರು ಕೋನ್‌ಗಳ ನಡುವೆ ಓಡಿಸುವುದು, ನಿಮ್ಮ ಗದ್ದೆ ಆಟೋಕ್ರಾಸಿನ ತಮ್ಮ. 1967ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಲಿಡನ್‌ನಲ್ಲಿ ಟಿವಿಗಾಗಿ ಶುರುವಾದ, 2014ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಆರಂಭವಾದ ಅಸಲಿ ರ‍್ಯಾಲಿಕ್ರಾಸಿನಲ್ಲಿ ಕಾರುಗಳು ಒಟ್ಟಿಗೆ ಹೊರಟು ಒಂದಕ್ಕೊಂದು ಗುದ್ದಿಕೊಳ್ಳುತ್ತವೆ. ಅದಕ್ಕೆ ಅಮ್ಮನ ಕಾರು ಬೇಡ.

ಹೊಸ ಕಾರಿನವರು ಓದುತ್ತಿದ್ದರೆ ಒಂದು ಮಾತು: ತಿರುವಿನಲ್ಲಿ ಬಲ ಇಳಿಯುವ ಇದೇ ಲಕ್ಷಣ, ಜಾರುವುದನ್ನು ತಡೆಯುವ ಇಎಸ್‌ಪಿ ವ್ಯವಸ್ಥೆ ಇರುವ ಕಾರಿನಲ್ಲಿ ಬಂದರೆ ಮೊದಲ ಸಂಶಯ ಅದರ ಮೇಲೆ. ಚಕ್ರ ಜಾರಿದ ಕೂಡಲೇ ಅದು ಎಂಜಿನ್ನಿನ ಕತ್ತು ಹಿಡಿಯುತ್ತದೆ. ಗುಂಡಿ ಒತ್ತಿದರೂ ಕೆಲವು ಕಾರುಗಳಲ್ಲಿ ಪೂರ್ತಿ ಬಿಡುವುದಿಲ್ಲ. ಎಬಿಎಸ್ ಕೂಡ ಸಡಿಲ ಮಣ್ಣಿನಲ್ಲಿ ನಿಲ್ಲುವ ದೂರವನ್ನು ಹೆಚ್ಚಿಸುತ್ತದೆ. ಚಕ್ರ ಕಚ್ಚಿ ನಿಂತರೆ ಮುಂದೆ ಮಣ್ಣು ಗುಡ್ಡೆಯಾಗಿ ತಡೆಯುತ್ತದೆ, ಎಬಿಎಸ್ ಆ ಗುಡ್ಡೆ ಆಗಲು ಬಿಡುವುದಿಲ್ಲ. ಹಾಗಾಗಿ ಸ್ವಲ್ಪ ಮೊದಲೇ ಬ್ರೇಕ್ ಹಿಡಿಯಿರಿ.

ಇಲ್ಲಿ ಕೋನ್ ಬಿದ್ದರೆ 2 ಸೆಕೆಂಡ್, ಎರಡು ಕೋನ್‌ಗಳ ನಡುವಿನ ಗೇಟ್ ತಪ್ಪಿದರೆ 10 ಸೆಕೆಂಡ್ ದಂಡ, ಎಲ್ಲ ಸುತ್ತುಗಳ ಸಮಯವನ್ನೂ ಕೂಡಿಸುತ್ತಾರೆ. ಒಂದು ಸುತ್ತಿನ ಹುಚ್ಚಾಟ ದಿನವಿಡೀ ಬೆನ್ನು ಹತ್ತುತ್ತದೆ. ಇದು ನನ್ನನ್ನು ಬಹಳ ಸಭ್ಯನನ್ನಾಗಿ ಮಾಡಿದೆ.

ಹೊಸ_ಆಸೆ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕಾರಿಗೆ ಪೆಟ್ಟಾದರೆ ವಿಮೆ ಕೊಡುತ್ತದೆಯೇ?

ಗ್ರೀಸ್_ಕೈ:

ಇಲ್ಲ. ನಿಮ್ಮ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಸಾಲು ಹುಡುಕಿ. ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಎಲ್ಲವನ್ನೂ ಹೊರಗಿಟ್ಟಿರುತ್ತಾರೆ. ಬಂಪರ್ ನಿಮ್ಮ ಖರ್ಚಿನದೇ ಎಂದುಕೊಂಡೇ ಗದ್ದೆಗೆ ಇಳಿಯಿರಿ. ಹಾಗೆಂದು ಊರಿನ ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಲು ಹೋಗಬೇಡಿ, ಮೋಟಾರು ವಾಹನ ಕಾಯ್ದೆಯ 189ನೆಯ ಸೆಕ್ಷನ್ ಇದೆ: ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದೇಶದ ಮೋಟಾರ್ ಕ್ರೀಡೆಯನ್ನು ನೋಡಿಕೊಳ್ಳುವ ಎಫ್‌ಎಂಎಸ್‌ಸಿಐ ಮಾನ್ಯತೆಯ ಕ್ಲಬ್ಬುಗಳು ನಡೆಸುವ ಕಡೆಗೇ ಹೋಗಿ. ತಪಾಸಣೆಯವರು ಬ್ಯಾಟರಿ ಅಲುಗಾಡಿಸಿ ನೋಡುತ್ತಾರೆ, ಹೆಲ್ಮೆಟ್ ತಿರುಗಿಸಿ ನೋಡುತ್ತಾರೆ, ಕಾಲಡಿಯ ಮ್ಯಾಟ್ ತೆಗೆಸುತ್ತಾರೆ. ಅದು ಕಿರುಕುಳವಲ್ಲ. ಬ್ರೇಕ್ ಪೆಡಲಿನ ಕೆಳಗೆ ಮ್ಯಾಟ್ ಮಡಚಿಕೊಂಡು ಬದುವಿನ ಮೇಲೆ ಹತ್ತಿದವರಲ್ಲಿ ನಾನೂ ಒಬ್ಬ.

ಮೈಸೂರು_ಸ್ವಿಫ್ಟ್:

ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ. ನಾಲ್ಕು ಚಕ್ರ ಬಿಚ್ಚಿ ಕೆರೆದಾಗ ಮುಕ್ಕಾಲು ಬಕೆಟ್ ಮಣ್ಣು ಬಂತು. ಅಮ್ಮ ಅದನ್ನು ದಾಸವಾಳದ ಬುಡಕ್ಕೆ ಹಾಕಿದ್ದಾರೆ. ನಡುಕ ಪೂರ್ತಿ ಹೋಗಿದೆ. ಎಡ ಟೈರಿನ ಅಂಚಿನಲ್ಲಿ ನಿಜಕ್ಕೂ ಹುಲ್ಲಿತ್ತು, ಪಂಕ್ಚರ್ ಅಂಗಡಿಯ ಅಣ್ಣ ಕಾರಿಗೆ ಮೇವು ಹಾಕುತ್ತೀರಾ ಎಂದು ಕೇಳಿದರು. ಸುಟ್ಟ ವಾಸನೆ ಇಲ್ಲ, ಏರಿನಲ್ಲಿ ಕ್ಲಚ್ ಪರೀಕ್ಷಿಸಿದೆ, ಸರಿಯಾಗಿದೆ.

ನಿನ್ನೆ ಎರಡನೆಯ ಆಟೋಕ್ರಾಸ್ ಮುಗಿಸಿ ಬಂದೆ. ಅರ್ಧ ಟ್ಯಾಂಕು, ಮುಂದೆ 35 ಪಿಎಸ್‌ಐ. ಎಂಜಿನ್ ಒಮ್ಮೆಯೂ ಸಾಯಲಿಲ್ಲ. ಆದರೆ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಇದಕ್ಕೆ ಯಾವ ಭಾಗ ಬದಲಿಸಬೇಕು?

ಗ್ರೀಸ್_ಕೈ:

ಆ ಭಾಗ ಸೀಟಿನಲ್ಲಿ ಕೂತಿದೆ. ನೇರದಲ್ಲೇ ಬ್ರೇಕ್ ಮುಗಿಸಿ. ಮುಂದಿನ ಚಕ್ರಗಳು ತಿರುಗಿಸಬೇಕು, ಎಳೆಯಬೇಕು, ನಿಲ್ಲಿಸಬೇಕು. ಮೂರನ್ನೂ ಒಟ್ಟಿಗೆ ಕೇಳಿದರೆ ಒಂದನ್ನೂ ಮಾಡುವುದಿಲ್ಲ. ಕಾರು ನೇರ ಹೋಗುತ್ತಿದೆ ಎನಿಸಿದಾಗ ಇನ್ನಷ್ಟು ತಿರುಗಿಸಬೇಡಿ, ಸ್ಟೇರಿಂಗನ್ನು ಸ್ವಲ್ಪ ನೇರಕ್ಕೆ ಬಿಡಿ, ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿ, ಮೂಗು ಒಳಗೆ ಬರುತ್ತದೆ. ಸುತ್ತಿಗೆ ಮುಂಚೆ ಗದ್ದೆಯನ್ನು ಎಷ್ಟು ಸಲ ನಡೆದು ನೋಡಿದಿರಿ?

ಮೈಸೂರು_ಸ್ವಿಫ್ಟ್:

ಒಂದು ಸಲ. ಫೋಟೋ ತೆಗೆಯುತ್ತಾ.

ಗ್ರೀಸ್_ಕೈ:

ಮೂರು ಸಲ ನಡೆಯಿರಿ, ಫೋನ್ ಕಾರಿನಲ್ಲಿ ಬಿಟ್ಟು. ಮೊದಲ ಸಲ ದಾರಿ ನೆನಪಿಗೆ. ಎರಡನೆಯ ಸಲ ಮಣ್ಣಿಗೆ: ಎಲ್ಲಿ ನೀರು ನಿಂತಿದೆ, ಎಲ್ಲಿ ಬದು ಕಡಿದು ಸಮ ಮಾಡಿದ್ದಾರೆ, ಎಲ್ಲಿ ಒದ್ದರೆ ಗಟ್ಟಿ ಸಿಗುತ್ತದೆ. ಮೂರನೆಯ ಸಲ ಸೀಟಿನಲ್ಲಿ ಕೂತಷ್ಟು ಎತ್ತರಕ್ಕೆ ಬಗ್ಗಿ ನಡೆಯಿರಿ, ಕೋನ್‌ಗಳು ಅಲ್ಲಿಂದ ಬೇರೆಯೇ ಕಾಣುತ್ತವೆ. ಮಧ್ಯಾಹ್ನದ ಸುತ್ತಿಗೆ ಹಳೆಯ ಜಾಡು ಹಳ್ಳವಾಗಿರುತ್ತದೆ, ಆದ್ದರಿಂದ ಊಟಕ್ಕೆ ಮುಂಚೆ ಒಮ್ಮೆ ಹೋಗಿ ನೋಡಿ.

ಮೈಸೂರು_ಸ್ವಿಫ್ಟ್:

ಆಗಲಿ ಸರ್. ಇನ್ನೊಂದೇ ಪ್ರಶ್ನೆ. ಇವತ್ತು ದೇವಸ್ಥಾನಕ್ಕೆ ಹೋಗುವಾಗ ಎಸಿ ಹಾಕಿದ ಕೂಡಲೇ ಅಮ್ಮನ ರೇಷ್ಮೆ ಸೀರೆಯ ಮೇಲೆ ಕೆಂಪು ಧೂಳು ಉದುರಿತು. ಏನು ಮಾಡಲಿ?

ಗ್ರೀಸ್_ಕೈ:

ಗದ್ದೆಗೆ ಇಳಿಯುವ ಮುಂಚೆ ಬ್ಲೋವರ್ ಆರಿಸಿ, ಹೊರಗಾಳಿ ಬರುವ ಗುಂಡಿ ಮುಚ್ಚಿಡಿ. ಈಗ ಕಿಟಕಿ ಪೂರ್ತಿ ಇಳಿಸಿ, ಬ್ಲೋವರ್ ಗರಿಷ್ಠಕ್ಕೆ ಇಟ್ಟು ಹತ್ತು ನಿಮಿಷ ಬಿಡಿ. ಸೀರೆಯ ವಿಷಯ ನನ್ನ ಕೈಯಲ್ಲಿಲ್ಲ.