ಅಟ್ಟದಲ್ಲಿ ಸುಮ್ನೆ ಇಟ್ಟಿದ್ದ ಆಕ್ಸಿಜನ್ ಮಷೀನು ಕೆಡುತ್ತಾ?

ಪ್ರಶ್ನೆ: ನಮಸ್ತೆ ಸರ್, 2021ರಲ್ಲಿ ಅಪ್ಪನಿಗೆ ಅಂತ ನಿಮಿಷಕ್ಕೆ 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ್ಲೇ ಆಕ್ಸಿಜನ್ ತೆಗೆದು ಕೊಡೋ ಮಷೀನು) ತಗೊಂಡಿದ್ವಿ, ಹದಿನೈದು ದಿನ ಓಡಿಸಿ ಅಟ್ಟಕ್ಕೆ ಹಾಕಿದ್ದು, ನಮ್ದು ಶಿರಸಿ ಕಡೆ, ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತೆ. ಮೊನ್ನೆ ಪಕ್ಕದ ಮನೆ ಅಜ್ಜಿಗೆ ಬೇಕು ಅಂತ ಇಳಿಸಿದ್ರೆ ಹಳದಿ ಲೈಟ್ ಹೋಗ್ತಾನೇ ಇಲ್ಲ, ರಿಪೇರಿಯವ್ರು ಮೀಟರ್ ಹಿಡಿದು ಬರೋ ಗಾಳೀಲಿ ಆಕ್ಸಿಜನ್ 74% ಅಷ್ಟೇ ಅಂದ್ರು, ಒಳಗಿನ ಕಾಳು ನೀರು ಕುಡಿದಿದೆಯಂತೆ. ಒಂದು ಹನಿ ನೀರೂ ಬಿದ್ದಿಲ್ಲ ಸರ್!

ಉತ್ತರ: ಮೊದ್ಲು ಅಜ್ಜಿ ವಿಷ್ಯ. ಆ ಮಷೀನ್ ಹಾಕ್ಬೇಡಿ, 82ಕ್ಕಿಂತ ಕೆಳಗೆ ಬಂದ್ರೆ ಅದು ಲೆಕ್ಕಕ್ಕಿಲ್ಲ, ಡಾಕ್ಟರನ್ನ ಕೇಳಿ ಸಿಲಿಂಡರ್ ತರ್ಸಿ.

ಫಿಲ್ಟರ್ರು, ಕಂಪ್ರೆಸರ್ರೂ ಒಮ್ಮೆ ನೋಡ್ಸಿ, ಆದ್ರೆ ರಿಪೇರಿಯವ್ರು ಹೇಳಿದ್ದೇ ಇರ್ಬೇಕು. ಒಳಗಿರೋದು ಜಿಯೋಲೈಟ್, ಸಾಬಕ್ಕಿ ತರದ ಕಾಳು, ಮೈಯೆಲ್ಲ ತೂತು. ಪ್ರೆಶರಲ್ಲಿ ಗಾಳಿ ನುಗ್ಗಿಸಿದ್ರೆ ಅದ್ರಲ್ಲಿರೋ 78 ಭಾಗ ನೈಟ್ರೋಜನ್ ಕಾಳಿಗೆ ಅಂಟ್ಕೊಳುತ್ತೆ, ಆಕ್ಸಿಜನ್ ಅಷ್ಟು ಅಂಟಲ್ಲ, ಮುಂದೆ ಬರುತ್ತೆ. ಕೆಲವೇ ಸೆಕೆಂಡಿಗೆ ಪ್ರೆಶರ್ ಇಳಿಸಿದ್ರೆ ನೈಟ್ರೋಜನ್ ಬಿಟ್ಟು ಹೋಗುತ್ತೆ, ಆ ಪುಸ್ ಅನ್ನೋ ಸದ್ದು ಅದೇ.

ಈಗ ತೇವ. ನೀರಿನ ಆವಿ ಬಂದು ನೈಟ್ರೋಜನ್ನನ್ನ ಕತ್ತು ಹಿಡಿದು ನೂಕಲ್ಲ. ನೈಟ್ರೋಜನ್ ಹೆಂಗೂ ಕ್ಷಣಕ್ಷಣಕ್ಕೂ ಎದ್ದು ಹೋಗಿ ಬರ್ತಾ ಇರುತ್ತೆ, ಸ್ಟಾಪ್ ಸ್ಟಾಪಿಗೂ ಇಳಿಯೋ ಪ್ಯಾಸೆಂಜರ್ ತರ, ನೀರು ಹಂಗಲ್ಲ, ಬೆಂಗ್ಳೂರು ಟಿಕೆಟ್ ತಗೊಂಡು ಟವೆಲ್ ಹಾಕಿ ಸೀಟ್ ಹಿಡಿಯೋನು, ಖಾಲಿಯಾದ ಒಂದೊಂದೇ ಸೀಟಲ್ಲಿ ಕೂತ್ರೆ ಮುಗೀತು ಏಳಲ್ಲ. ಕಾಳಲ್ಲಿ ಚಾರ್ಜ್ ಇರೋ ಸೋಡಿಯಂ ಅಥ್ವಾ ಲಿಥಿಯಂ ಇರುತ್ತೆ, ನೀರಿನ ಕಣಕ್ಕೆ ಒಂದು ಕಡೆ ಪ್ಲಸ್ ಇನ್ನೊಂದು ಕಡೆ ಮೈನಸ್, ಅದಕ್ಕೇ ಆ ಪಾಟಿ ಹಿಡಿತ. (ಈ ಸೀಟಿನ ಲೆಕ್ಕ ಮೊದ್ಲು ಹಾಕಿದ್ದು ಬಲ್ಬ್ ಕಂಪ್ನೀಲಿದ್ದ ವಿಜ್ಞಾನಿ ಲ್ಯಾಂಗ್ಮ್ಯೂರ್, 1932ರಲ್ಲಿ ನೊಬೆಲ್ ಬಂತು.) ಹನಿ ಬೀಳ್ಬೇಕಿಲ್ಲ, ಮಲೆನಾಡಿನ ನಾಲ್ಕು ಮಳೆಗಾಲದ ಗಾಳಿ ಪೈಪಲ್ಲಿ ನುಸುಳಿದ್ರೆ ಸಾಕು.

ನಮ್ ಪ್ಲಾಂಟಲ್ಲಿ ಹೊಸ ಹುಡುಗ್ರಿಗೆ ತೋರ್ಸೋದು ಹಿಂಗೆ: ಸ್ಟೀಲ್ ಲೋಟದ ನೀರಿಗೆ ಒಂದು ಹಿಡಿ ಹೊಸ ಕಾಳು ಹಾಕಿದ್ರೆ ಸೋಡಾ ತರ ಗುಳ್ಳೆ, ಒಳಗಿದ್ದ ಗಾಳಿಯೆಲ್ಲ ಸೀಟ್ ಬಿಟ್ಟು ಹೊರಗೆ, ಲೋಟ ಹಿಡ್ಕೊಳಕ್ಕಾಗ್ದಷ್ಟು ಬಿಸಿ. ಕೆಟ್ಟ ಕಾಳು ಹಾಕಿದ್ರೆ ಕಲ್ಲು ಹಾಕ್ದಂಗೆ, ಸುಮ್ನೆ ತಳ ಸೇರುತ್ತೆ.

ಇನ್ನೊಬ್ಬರು: ಮಷೀನಲ್ಲೇ ನೀರಿನ ಬಾಟ್ಲಿ ಇರುತ್ತಲ್ಲ ಸರ್, ಅದ್ರಿಂದ ಕೆಡಲ್ವಾ?

ಉತ್ತರ: ಅದು ಕಾಳು ದಾಟಿದ ಮೇಲೆ ಬರೋದು, ಮೂಗು ಒಣಗ್ಬಾರ್ದು ಅಂತ.

ಪ್ರಶ್ನೆ ಕೇಳಿದವರು: ಬಿಸಿಲಲ್ಲಿ ಒಣಗ್ಸಿದ್ರೆ? ಸಿಲಿಕಾ ಜೆಲ್ ಪ್ಯಾಕೆಟ್?

ಉತ್ತರ: ಬಿಸಿಲು ಸಾಲಲ್ಲ ಮೇಡಂ, ಒಣ ಗಾಳಿ ಹಾಯಿಸ್ತಾ 300 ಡಿಗ್ರಿ ಹತ್ರ ಕಾಯಿಸ್ಬೇಕು, ಮನೇಲಿ ಕೈ ಹಾಕ್ಬೇಡಿ. ಸಿಲಿಕಾ ಜೆಲ್ ಇಟ್ರೆ ಅದ್ರ ನೀರನ್ನೂ ಈ ಕಾಳೇ ಎಳ್ಕೊಳುತ್ತೆ 😄 ಕಾಳಿನ ಸಿಲಿಂಡರ್ ಜೋಡಿ ಬದಲಾಯಿಸಕ್ಕೆ ಎಷ್ಟಾಗುತ್ತೆ ಕೇಳಿ, ಹಾಕ್ಸಿದ್ಮೇಲೆ ಅಟ್ಟ ಬೇಡ, ತಿಂಗ್ಳಿಗೊಮ್ಮೆ ಒಂದೆರಡು ಗಂಟೆ ಓಡ್ಸಿ.