26ಕ್ಕೆ ಬೆಟ್ಟದ ಹುಚ್ಚು ಹತ್ಕೊಂಡಿದೆ, ಲೇಟಾಯ್ತಾ?

ಬೆಣ್ಣೆದೋಸೆ_26:
ನಮ್ದು ದಾವಣಗೆರೆ ಹತ್ರ ಹಳ್ಳಿ, ಈಗ ಬೆಂಗಳೂರಲ್ಲಿ ಕೆಲ್ಸ. ನಮ್ಮನೇಲಿ ಟೂರ್ ಅಂದ್ರೆ ಧರ್ಮಸ್ಥಳ, ಕುಕ್ಕೆ, ಅದೂ ಹರಕೆ ಇದ್ರೆ ಮಾತ್ರ. ಕುಕ್ಕೆಗೆ ನಾಲ್ಕು ಸಲ ಹೋಗಿದೀನಿ, ಅಲ್ಲೇ ಇರೋ ಬೆಟ್ಟಾನ ಹತ್ತಬಹುದು ಅಂತ ಒಂದ್ಸಲಾನೂ ತಲೆಗೆ ಬಂದಿಲ್ಲ. ಹೋದ ನವೆಂಬರಲ್ಲಿ ಆಫೀಸ್ ಗ್ಯಾಂಗಲ್ಲಿ ಒಬ್ಬ ಕೈಕೊಟ್ಟ ಅಂತ ನನ್ನ ಎಳ್ಕೊಂಡು ಹೋದ್ರು ಕುಮಾರ ಪರ್ವತಕ್ಕೆ. ಜೀನ್ಸ್ ಪ್ಯಾಂಟು, ಬ್ಯಾಗಲ್ಲಿ ಮಂಡಕ್ಕಿ. ದಾರಿ ಮಧ್ಯೆ ಸಿಗೋ ಭಟ್ಟರ ಮನೆ ಮುಟ್ಟೋಷ್ಟರಲ್ಲೇ ಜೀವ ಬಾಯಿಗೆ ಬಂದಿತ್ತು, ಅಲ್ಲಿಂದ ಮೇಲೆ ಬರೀ ಹುಲ್ಲು, ನೆರಳಿಲ್ಲ, ಕಲ್ಲು ಮಂಟಪದಲ್ಲಿ ಕೂತು ನೀವ್ ಹೋಗ್ರಪ್ಪ ಅಂದ್ಬಿಟ್ಟೆ, ಆಮೇಲೆ ಒಬ್ನೇ ಕೂರಕ್ಕೂ ಭಯ ಆಗಿ ಎದ್ದು ಹಿಂದೆ ಹೋದೆ. ತುದಿಗಿಂತ ಮುಂಚೆ ಸಿಗೋ ಶೇಷ ಪರ್ವತದ ಮೇಲೆ ನಿಂತಾಗ ಕಾಲಡಿ ಮೋಡ. ಯಾರೂ ಮಾತಾಡ್ಲಿಲ್ಲ, ನಾನೂ ಫೋಟೋ ತೆಗೀಲಿಲ್ಲ.

ಅವತ್ತಿಂದ ಇದೇ ಗುಂಗು. ಇಳಿಯುವಾಗ ಹೆಬ್ಬೆರಳ ಉಗುರು ಕಪ್ಪಾಗಿ ಕಿತ್ತೋಯ್ತು, ಆದ್ರೂ ಮತ್ತೆ ಹೋಗ್ಬೇಕು ಅನ್ಸುತ್ತೆ. ಇದು ನಾಲ್ಕು ದಿನದ ಹುಚ್ಚಾ? ಸೀದಾ ಹಿಮಾಲಯಕ್ಕೆ ಹೋಗ್ಬಹುದಾ? ಅಮ್ಮಂಗೆ ಆಫೀಸ್ ಮೀಟಿಂಗ್ ಅಂತ ಸುಳ್ಳು ಹೇಳಿ ಹೋಗಿದ್ದೆ, ವಾಪಸ್ ನೆಟ್‌ವರ್ಕ್ ಬಂದಾಗ 11 ಮಿಸ್ಡ್ ಕಾಲ್.

ಸುಳ್ಯದ_ಘಾಟಿ:
ಮಾರಾಯ್ರೆ, ಮೊದಲ ಸಲಕ್ಕೇ ಕುಮಾರ ಪರ್ವತವಾ! 1712 ಮೀಟರ್, ಅದೂ ಕುಕ್ಕೆ ಕಡೆಯಿಂದ. ಸೋಮವಾರಪೇಟೆ ಕಡೆ ಬೀದಳ್ಳಿಯಿಂದ ಹತ್ತಿದ್ರೆ ದೂರ ಎಷ್ಟೋ ಕಮ್ಮಿ. ಉಗುರು ಹೋದದ್ದು ಬೆಟ್ಟದ ತಪ್ಪಲ್ಲ, ಶೂ ಬಿಗಿ ಇದ್ದದ್ದು. ಇಳಿಯುವಾಗ ಬೆರಳು ಮುಂದೆ ಹೋಗಿ ಹೊಡೀತದೆ, ಒಂದು ಸೈಜ್ ದೊಡ್ಡದು ತಗೊಳ್ಳಿ, ಲೇಸ್ ಕಣಕಾಲ ಹತ್ರ ಗಟ್ಟಿ ಕಟ್ಟಿ. ಮುಂದಿನದ್ದಕ್ಕೆ ತಡಿಯಂಡಮೋಳ್ ನೋಡಿ, ಕೊಡಗಲ್ಲಿ ಎಲ್ಲಕ್ಕಿಂತ ಎತ್ತರದ್ದು, 1748 ಮೀಟರ್, ಆದ್ರೆ ಇಷ್ಟು ಕಷ್ಟ ಇಲ್ಲ. ಮಳೆಗಾಲದಲ್ಲಿ ಮಾತ್ರ ಬರ್ಬೇಡಿ, ಉಂಬಳ (ಜಿಗಣೆ) ನಿಮ್ಮನ್ನು ಊಟ ಮಾಡ್ತದೆ.

ಹಿಮದ_ಹಕ್ಕಿ:
26 ಲೇಟಾ? ಬಚೇಂದ್ರಿ ಪಾಲ್ ಎವರೆಸ್ಟ್ ಹತ್ತಿದ್ದು 1984ರ ಮೇ 23ಕ್ಕೆ, ಮಾರನೇ ದಿನ ಅವ್ರಿಗೆ 30 ತುಂಬ್ತು. ಬಿ.ಎಡ್. ಮಾಡಿದ ಹುಡುಗಿ ಟೀಚರ್ ಆಗೋದು ಬಿಟ್ಟು ಬೆಟ್ಟ ಹತ್ತೋದು ಅವ್ರ ಮನೇಲೂ ಇಷ್ಟ ಇರ್ಲಿಲ್ಲ. ಅವ್ರು ಕಲಿತ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲೇ ನಾನು 27ಕ್ಕೆ ಬೇಸಿಕ್ ಕೋರ್ಸ್ ಮಾಡ್ದೆ. ಸುಮಾರು ನಾಲ್ಕು ವಾರ. ಮೊದ್ಲು ಅಲ್ಲೇ ಹತ್ರದ ತೆಖಲಾ ಬಂಡೆಗಳ ಮೇಲೆ ಹಗ್ಗದ ಕೆಲ್ಸ, ಆಮೇಲೆ ಮೂಟೆ ಹೊತ್ಕೊಂಡು ಡೋಕ್ರಿಯಾನಿ ಹಿಮನದಿಗೆ. ಅಲ್ಲಿ ಹತ್ತೋದಕ್ಕಿಂತ ಜಾಸ್ತಿ ಬೀಳೋದನ್ನ ಕಲಿಸ್ತಾರೆ ಕಣೋ, ಹಿಮದಲ್ಲಿ ಜಾರಿದ್ರೆ ಐಸ್ ಆಕ್ಸ್ ಚುಚ್ಚಿ ನಿಲ್ಲೋದು, ನೂರು ಸಲ ಬೇಕಂತಲೇ ಜಾರ್ಸಿದ್ರು, ಬೆನ್ನು ಸಿಪ್ಪೆ ಎದ್ದಿತ್ತು. ಆದ್ರೆ ಈಗ್ಲೇ ಬೇಡ. ಒಂದು ವರ್ಷ ಇಲ್ಲೇ ಸುತ್ತಾಡು, ಬೆಳಗ್ಗೆ ಐದು ಕಿಲೋಮೀಟರ್ ಓಡಕ್ಕಾಗುತ್ತಾ ನೋಡು. ಮಂಡಿ ಏನನ್ನುತ್ತೆ ಅಂತ ಆಗ ಗೊತ್ತಾಗುತ್ತೆ.

ಹಳೇ_ಚಪ್ಪಲಿ:
ಎಲ್ರೂ ಶೂ, ಕೋರ್ಸ್ ಅಂತಿದೀರಿ, ಆ ಸುಳ್ಳಿನ ಬಗ್ಗೆ ಯಾರೂ ಕೇಳಿಲ್ವಲ್ಲ. ಗುರು, ನೀನು ಅಲ್ಲಿ ಕಾಲು ಮುರ್ಕೊಂಡಿದ್ರೆ ಮನೆಯವ್ರು ನಿನ್ನ ಬೆಂಗಳೂರಲ್ಲಿ ಹುಡುಕ್ತಿದ್ರು. ಯಾವ ಬೆಟ್ಟ, ಯಾವ ಕಡೆಯಿಂದ, ಎಷ್ಟೊತ್ತಿಗೆ ಕೆಳಗೆ, ಇಷ್ಟನ್ನ ಮನೇಲಿ ಒಬ್ರಿಗೆ ಹೇಳಿರ್ಬೇಕು. ಅಲ್ಲಿ ನಿನ್ನ ಫೋನು ಬರೀ ಟಾರ್ಚು. ನಾನೂ ನಿನ್ನಷ್ಟಿದ್ದಾಗ ಇದೇ ನಾಟಕ ಆಡಿದವ್ನು, ಅದಕ್ಕೇ ಬೈತಿರೋದು.

ಬೆಣ್ಣೆದೋಸೆ_26:
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಫೋನಲ್ಲಿ ಎಲ್ಲ ಹೇಳ್ಬಿಟ್ಟೆ. ಬೈತಾರೆ ಅಂತ ಕಿವಿ ದೂರ ಹಿಡ್ಕೊಂಡಿದ್ದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು, "ಅಲ್ಲೋ, ಕುಕ್ಕೆ ತನಕ ಹೋದವ್ನು ದೇವ್ರ ದರ್ಶನ ಮಾಡ್ದೆ ಬಂದ್ಯಾ?" ಅಂದ್ರು. ಬಸ್ ತಪ್ಪುತ್ತೆ ಅಂತ ಓಡಿದ್ವಿ ಅನ್ನಕ್ಕೆ ಬಾಯೇ ಬರ್ಲಿಲ್ಲ.